ಔಷಧಿ ಚೀಟಿಗೆ ನರ್ಸ್ ಸಹಿ: ಆರು ತಿಂಗಳ ತರಬೇತಿಯ ಅನುಭವ

ನರ್ಸಿಂಗ್ ಓದುತ್ತಿರುವ ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಉಪಕೇಂದ್ರದಲ್ಲಿ ನೀವೇ ಔಷಧಿ ಕೊಡುತ್ತೀರಂತೆ, ಡಾಕ್ಟರ್ ಬರೆಯದೆ ಕೊಡಬಹುದೇ?" ಕೆಲವನ್ನು ನಾನೇ ಆರಂಭಿಸಬಹುದು. ಕೆಲವನ್ನು ವೈದ್ಯರು ಆರಂಭಿಸಿದ ಮೇಲೆ ಮುಂದುವರಿಸಬಹುದು. ಉಳಿದವನ್ನು ಮುಟ್ಟುವಂತಿಲ್ಲ. ಹೇಳಲು ಮೂರೇ ವಾಕ್ಯ, ಆದರೆ ಈ ಮೂರರ ನಡುವಿನ ಗೆರೆಗಳು ಎಲ್ಲಿವೆ ಎಂದು ತಿಳಿಯುವುದಕ್ಕೆ ಆರು ತಿಂಗಳ ಕೋರ್ಸ್ ಬೇಕಾಯಿತು, ಅದರ ಮೇಲೆ ಹಳ್ಳಿಯ ಕೆಲಸವೂ ಬೇಕಾಯಿತು. ಆ ತರಬೇತಿ ಹೇಗಿತ್ತು, ಅದರಲ್ಲಿ ಯಾವುದು ಕೈ ಹಿಡಿಯಿತು ಎಂಬುದನ್ನು ಈ ದಾರಿಗೆ ಬರುವವರಿಗಾಗಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. 2018ರ ಕೇಂದ್ರ ಬಜೆಟ್‌ನಲ್ಲಿ ದೇಶದಾದ್ಯಂತ ಒಂದೂವರೆ ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಘೋಷಣೆಯಾಯಿತು. ಅದೇ ವರ್ಷ ಏಪ್ರಿಲ್ 14ರಂದು ಛತ್ತೀಸಗಢದ ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ ಮೊದಲ ಕೇಂದ್ರ ತೆರೆಯಿತು. ಇವತ್ತು ಅವುಗಳ ಫಲಕದ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬರೆದಿರುತ್ತದೆ. ಹಳೆಯ ಉಪಕೇಂದ್ರಗಳೇ ಹೀಗೆ ಹೊಸ ರೂಪ ಪಡೆದವು. ಬಯಲು ಪ್ರದೇಶದಲ್ಲಿ ಸುಮಾರು 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ಹಳೆಯ ಲೆಕ್ಕ. ಅಲ್ಲಿ ಲಸಿಕೆ, ಗರ್ಭಿಣಿಯರ ತಪಾಸಣೆ, ಕುಟುಂಬ ಯೋಜನೆಯ ಕೆಲಸ ನಡೆಯುತ್ತಿತ್ತು. ಬಿಪಿ, ಶುಗರ್ ಇರುವವರು ಗುಳಿಗೆಗಾಗಿ ಬಸ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಬೇಕಿತ್ತು. ಕೂಲಿ ತಪ್ಪುತ್ತದೆಂದು ಬಹಳ ಜನ ಹೋಗುತ್ತಲೇ ಇರಲಿಲ್ಲ. ಆ ಉಪಕೇಂದ್ರಗಳಿಗೆ ಎಂಬಿಬಿಎಸ್ ವೈದ್ಯರನ್ನು ಕಳಿಸುವುದು ಆಗದ ಮಾತು. ಹಾಗಾಗಿ ನರ್ಸಿಂಗ್ ಓದಿದವರಿಗೆ ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಪ್ರಮಾಣಪತ್ರ ತರಬೇತಿ ಕೊಟ್ಟು, ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆಯಲ್ಲಿ ಕೂರಿಸುವ ತೀರ್ಮಾನವಾಯಿತು. ನಾವು ಅದನ್ನು ಬ್ರಿಡ್ಜ್ ಕೋರ್ಸ್ ಎಂದೇ ಕರೆಯುತ್ತಿದ್ದೆವು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಆ ಕೋರ್ಸನ್ನು ರೂಪಿಸಿತ್ತು. ಈಗ ಬಿ.ಎಸ್ಸಿ. ನರ್ಸಿಂಗ್ ಪಠ್ಯದೊಳಗೇ ಅದರ ಭಾಗವನ್ನು ಸೇರಿಸಿದ್ದಾರೆ.

ನಾನು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹಾವೇರಿ ಜಿಲ್ಲೆಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ತರಬೇತಿ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ನಡೆಯಿತು. ನಮ್ಮ ತಂಡದಲ್ಲಿ ಇಬ್ಬರು ಮಕ್ಕಳ ತಾಯಂದಿರಿದ್ದರು, ಹತ್ತು ವರ್ಷ ಐಸಿಯು ನೋಡಿದವರಿದ್ದರು, ಆಗತಾನೇ ಕಾಲೇಜು ಬಿಟ್ಟವರೂ ಇದ್ದರು.

ಔಷಧಶಾಸ್ತ್ರದ ಪಾಠಕ್ಕೆ ಬಂದ ಹಿರಿಯ ಫಿಸಿಷಿಯನ್ ನಮಗೆ ಪುಸ್ತಕ ತೆರೆಯಲು ಬಿಡಲಿಲ್ಲ. ಒಂದೊಂದು ಬಿಳಿ ಹಾಳೆ ಕೊಟ್ಟು, ಅದರಲ್ಲಿ ಐದು ಕಲಂ ಎಳೆಯಿರಿ ಎಂದರು. ಔಷಧಿ, ಪ್ರಮಾಣ, ಕೊಡುವ ಮಾರ್ಗ, ಎಷ್ಟು ಹೊತ್ತಿಗೊಮ್ಮೆ, ಕೊನೆಯದು ಏಕೆ. "ಕಳೆದ ತಿಂಗಳು ನಿಮ್ಮ ಕೈಯಾರೆ ಕೊಟ್ಟ ಔಷಧಿಗಳನ್ನು ನೆನಪಿದ್ದಷ್ಟು ಬರೆಯಿರಿ." ಮೊದಲ ನಾಲ್ಕು ಕಲಂ ಸರಸರನೆ ತುಂಬಿದವು. ಸೆಫ್ಟ್ರಿಯಾಕ್ಸೋನ್ ಒಂದು ಗ್ರಾಂ, ಐವಿ, ದಿನಕ್ಕೆರಡು ಬಾರಿ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಐದನೆಯ ಕಲಂಗೆ ಬಂದಾಗ ಕೋಣೆಯಲ್ಲಿ ಪೆನ್ನುಗಳು ನಿಂತವು. ಈ ರೋಗಿಗೆ ಇದೇ ಆ್ಯಂಟಿಬಯೋಟಿಕ್ ಏಕೆ? ಐದು ದಿನವೇ ಏಕೆ, ಮೂರು ದಿನ ಏಕಲ್ಲ? ಹೊಟ್ಟೆಯ ತೊಂದರೆಯೇ ಇಲ್ಲದವರಿಗೆ ಪ್ಯಾಂಟೊಪ್ರಜೋಲ್ ಏಕೆ? ಪಕ್ಕದಲ್ಲಿದ್ದ ಗೆಳತಿ ಎದ್ದು, "ಸರ್, ಡಾಕ್ಟರ್ ಆರ್ಡರ್ ಇತ್ತು ಎಂದು ಬರೆಯಬಹುದೇ?" ಎಂದು ಕೇಳಿದಳು. ಅವರು ಗದರಲಿಲ್ಲ. "ಬರೆಯಮ್ಮ, ತಪ್ಪಿಲ್ಲ. ಆದರೆ ಇನ್ನು ಆರು ತಿಂಗಳಿಗೆ ಆರ್ಡರ್ ನಿನ್ನದೇ. ಆಗ ಆ ಜಾಗದಲ್ಲಿ ಏನು ಬರೆಯುತ್ತೀ?" ಎಂದರು.

ನರ್ಸ್‌ಗಳಿಗೆ ಔಷಧಿ ಗೊತ್ತಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಔಷಧಿ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವವರು ನಾವೇ. ಇಂಜೆಕ್ಷನ್ ಕೊಟ್ಟ ಹತ್ತು ನಿಮಿಷಕ್ಕೆ ಮೈಮೇಲೆ ದದ್ದು ಎದ್ದದ್ದು, ಬಿಪಿ ಗುಳಿಗೆ ನುಂಗಿದ ಅಜ್ಜಿ ಎದ್ದು ನಿಂತೊಡನೆ ತಲೆ ತಿರುಗಿದ್ದು, ಯಾವ ಸಿರಪ್ಪನ್ನು ಮಕ್ಕಳು ಉಗುಳುತ್ತವೆ ಎಂಬುದು, ಇವೆಲ್ಲ ನಮ್ಮ ಕಣ್ಣೆದುರು ನಡೆಯುವಂಥವು. ನಮಗೆ ಯಾರೂ ಕಲಿಸದಿದ್ದದ್ದು ಅದರ ಹಿಂದಿನ ತುದಿ. ರೋಗಿ ಬಾಗಿಲಲ್ಲಿ ಕಾಲಿಟ್ಟ ಕ್ಷಣದಿಂದ ಚೀಟಿಯ ಮೇಲೆ ಹೆಸರು ಮೂಡುವ ತನಕ ವೈದ್ಯರ ತಲೆಯಲ್ಲಿ ಏನು ನಡೆಯುತ್ತದೆ? ಆ ತುದಿಯನ್ನು ನಮಗೆ ಕಲಿಸುವುದೇ ಈ ತರಬೇತಿಯ ಕೆಲಸವಾಗಿತ್ತು.

ಆ ಹಾಳೆಯ ನಂತರ ನಮ್ಮ ಟಿಪ್ಪಣಿ ಪುಸ್ತಕದ ರೂಪವೇ ಬದಲಾಯಿತು. ಪ್ರತಿ ಔಷಧಿಗೂ ಒಂದು ಪುಟ, ಪ್ರತಿ ಪುಟದಲ್ಲೂ ಅವೇ ಪ್ರಶ್ನೆಗಳು. ಏಕೆ ಕೊಡುತ್ತೇನೆ, ಯಾರಿಗೆ ಕೊಡಬಾರದು, ಬೇರೆ ಯಾವುದರ ಜೊತೆ ಕೂಡದು, ಏನು ಕಂಡರೆ ನಿಲ್ಲಿಸಬೇಕು, ಎಂದು ಮತ್ತೆ ನೋಡಬೇಕು. ಆಮ್ಲೊಡಿಪಿನ್ ಎಂಬ ಬಿಪಿ ಗುಳಿಗೆಯ ಪುಟದಲ್ಲಿ ಪಾದದ ಊತ ಎಂದು ದೊಡ್ಡದಾಗಿ ಬರೆದುಕೊಂಡೆ, ಏಕೆಂದರೆ ಕಾಲು ಊದಿತೆಂದು ಹೆದರಿ ಗುಳಿಗೆ ಬಿಟ್ಟವರು ನಮ್ಮ ಕಡೆ ಬಹಳ. ಟೆಲ್ಮಿಸಾರ್ಟಾನ್ ಪುಟದಲ್ಲಿ ಗರ್ಭಿಣಿಗೆ ಬೇಡ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಮೂವತ್ತೈದರ ಹೆಂಗಸಿಗೆ ಬಿಪಿ ಇದ್ದರೆ ಮುಟ್ಟಿನ ದಿನಾಂಕ ಕೇಳದೆ ಆ ಮಾತ್ರೆ ಕೊಡಬಾರದು. ಮೆಟ್‌ಫಾರ್ಮಿನ್ ಎಂಬ ಶುಗರ್ ಗುಳಿಗೆ ಊಟದ ಜೊತೆಗೆ. ಗ್ಲಿಮೆಪಿರೈಡ್ ಎಂಬ ಇನ್ನೊಂದು ಶುಗರ್ ಗುಳಿಗೆಯ ಪುಟ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಅದನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ ಅಂಶ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಶ್ರಾವಣ ಸೋಮವಾರ ಉಪವಾಸ ಮಾಡುವವರು, ರಂಜಾನ್ ರೋಜಾ ಇರುವವರು, ಬೆಳಗಿನ ಜಾವ ಗುಳಿಗೆ ನುಂಗಿ ಹನ್ನೊಂದಕ್ಕೆ ಹೊಲದಲ್ಲಿ ಬುತ್ತಿ ಬಿಚ್ಚುವವರು, ಇವರ ದಿನಚರಿ ಕೇಳದೆ ಆ ಗುಳಿಗೆಯ ಹೊತ್ತು ಹೇಳುವಂತಿಲ್ಲ. ಇದು ಪಠ್ಯದಲ್ಲಿ ಒಂದು ಸಾಲು. ನಮ್ಮ ಗುರುಗಳು ಅದಕ್ಕೆ ಇಡೀ ಮಧ್ಯಾಹ್ನ ಕೊಟ್ಟರು.

ಮಕ್ಕಳ ವಿಭಾಗದಲ್ಲಿ ಕಲಿತದ್ದು ಬೇರೆ ಬಗೆಯದು. ಅಲ್ಲಿ ಎಲ್ಲವೂ ತೂಕದ ಮೇಲೆ. ಮಕ್ಕಳ ತಜ್ಞೆ ಮೇಜಿನ ಮೇಲೆ ಎರಡು ಪ್ಯಾರಾಸಿಟಮಾಲ್ ಸಿರಪ್ ಬಾಟಲಿ ಇಟ್ಟರು. ಬಣ್ಣ, ಗಾತ್ರ, ಮುಚ್ಚಳ ಹೆಚ್ಚುಕಡಿಮೆ ಒಂದೇ. ಒಂದರ ಮೇಲೆ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಎಂದಿತ್ತು, ಇನ್ನೊಂದರ ಮೇಲೆ 250. "ಒಂಬತ್ತು ಕೆಜಿ ತೂಕದ ಮಗು, ಜ್ವರ ಇದೆ. ತಾಯಿಗೆ ಎಷ್ಟು ಎಂದು ಹೇಳುತ್ತೀರಿ?" ಕೆಜಿಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 90ರಿಂದ 135 ಮಿಲಿಗ್ರಾಂ. ಮೊದಲ ಬಾಟಲಿಯಲ್ಲಿ 5 ಮಿಲಿ ಕೊಟ್ಟರೆ ಸರಿಯಾಗುತ್ತದೆ. ಎರಡನೆಯದರಲ್ಲಿ ಅದೇ 5 ಮಿಲಿ ಕೊಟ್ಟರೆ ಮಿತಿಯ ಹತ್ತಿರ ಹತ್ತಿರ ಎರಡರಷ್ಟು. ಮನೆಯಲ್ಲಿ ಹಳೆಯ ಬಾಟಲಿ ಖಾಲಿಯಾಗಿ ಹೊಸದು ಬಂದಿರುತ್ತದೆ, ತಾಯಿ "ಒಂದು ಚಮಚ" ಎಂದು ನೆನಪಿಟ್ಟಿರುತ್ತಾಳೆ. ಚಮಚ ಎಂಬ ಮಾತನ್ನೇ ಬಳಸಬೇಡಿ ಎಂದರು ಆ ಮೇಡಂ. ಅಳತೆಯ ಮುಚ್ಚಳದ ಗೆರೆಯ ಮೇಲೆ ಪೆನ್ನಿನಿಂದ ಗುರುತು ಹಾಕಿ, ತಾಯಿಯ ಕೈಯಲ್ಲೇ ಒಮ್ಮೆ ನೀರು ಸುರಿಸಿ ತೋರಿಸಿ ಎಂದರು. ಇವತ್ತಿಗೂ ನಮ್ಮ ಕೇಂದ್ರದಲ್ಲಿ ಸಿರಪ್ ಪಡೆದ ತಾಯಿ ನೀರು ಅಳೆದು ತೋರಿಸದೆ ಹೊರಗೆ ಹೋಗುವುದಿಲ್ಲ.

ಉಸಿರು ಎಣಿಸುವುದನ್ನೂ ಅವರೇ ಕಲಿಸಿದ್ದು. ಕೆಮ್ಮು ಇರುವ ಮಗುವಿಗೆ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಎಂಬುದು ಬಹುಪಾಲು ಈ ಎಣಿಕೆಯ ಮೇಲೆ ನಿಂತಿದೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ವೇಗದ ಉಸಿರಾಟ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಇದ್ದರೆ ಅಲ್ಲೇ ಇಟ್ಟುಕೊಳ್ಳದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಎಣಿಸುವುದು ಪೂರ್ತಿ ಒಂದು ನಿಮಿಷ. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ, ಅವು ಒಂದೇ ಸಮನೆ ಉಸಿರಾಡುವುದಿಲ್ಲ. ಮಗು ಅಳುತ್ತಿದ್ದರೆ ಎಣಿಸುವಂತಿಲ್ಲ. ಆದ್ದರಿಂದ ಬಂದ ಕೂಡಲೇ ಮಗುವನ್ನು ಮುಟ್ಟದೆ, ತಾಯಿಯ ಮಡಿಲಲ್ಲೇ ಅಂಗಿ ಸ್ವಲ್ಪ ಮೇಲೆತ್ತಿಸಿ, ಹೊಟ್ಟೆಯನ್ನೇ ನೋಡುತ್ತ ಕುಳಿತುಕೊಳ್ಳಬೇಕು. ಹೊರಗೆ ಸಾಲು ನಿಂತಿರುವಾಗ ಸುಮ್ಮನೆ ಒಂದು ನಿಮಿಷ ಕೂರುವುದಕ್ಕೂ ಅಭ್ಯಾಸ ಬೇಕು.

ಹೊರರೋಗಿ ವಿಭಾಗದ ತಿಂಗಳು ನನ್ನ ಪಾಲಿಗೆ ಇಡೀ ಕೋರ್ಸಿನ ತಿರುಳು. ಪದ್ಧತಿ ಹೀಗಿತ್ತು. ರೋಗಿಯನ್ನು ಮೊದಲು ನಾವು ನೋಡಬೇಕು. ಕೇಳಬೇಕು, ಪರೀಕ್ಷಿಸಬೇಕು, ಏನು ಎಂದು ಅನಿಸುತ್ತದೆ, ಏನು ಕೊಡಬೇಕು ಎಂಬುದನ್ನು ಚೀಟಿಯ ಎಡಬದಿಗೆ ಪೆನ್ಸಿಲ್‌ನಲ್ಲಿ ಬರೆಯಬೇಕು. ಆಮೇಲೆ ವೈದ್ಯರು ಅದೇ ರೋಗಿಯನ್ನು ತಾವೂ ನೋಡಿ ಬಲಬದಿಗೆ ಪೆನ್ನಿನಲ್ಲಿ ಬರೆಯುತ್ತಿದ್ದರು. ಸಂಜೆ ಎರಡನ್ನೂ ಎದುರಿಟ್ಟುಕೊಂಡು ಚರ್ಚೆ. ಎಡ ಬಲ ಒಂದೇ ಆಗಿದ್ದರೂ ಬಿಡುತ್ತಿರಲಿಲ್ಲ, "ಸರಿ ಬರೆದಿದ್ದೀ, ಏಕೆ ಸರಿ ಎಂದು ಹೇಳು" ಎನ್ನುತ್ತಿದ್ದರು.

ಒಬ್ಬ ಅಜ್ಜ ಬಂದಿದ್ದರು, ಗೋವಿನಜೋಳ ಬೆಳೆಯುವ ರೈತ. ಆಮ್ಲೊಡಿಪಿನ್ 5 ಮಿಲಿಗ್ರಾಂ ತಪ್ಪದೆ ತೆಗೆದುಕೊಳ್ಳುತ್ತಿದ್ದರು, ಆದರೂ ಬಿಪಿ 160ರ ಮೇಲೆಯೇ. ಉಪ್ಪು, ತಂಬಾಕು ಎಲ್ಲ ಕೇಳಿದೆ. "ಅಜ್ಜಾ, ಬೇರೆ ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತೀರಾ?" ಎಂದೆ. "ಇಲ್ಲವ್ವ, ಇದೊಂದೇ." ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು, ಗುಳಿಗೆ ಎಂದು ಕೇಳಿದರೆ ಜನ ಡಾಕ್ಟರ್ ಕೊಟ್ಟದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು. ಹಾಗಾಗಿ ಮಾತು ತಿರುಗಿಸಿ, "ದಿನವಿಡೀ ಬಗ್ಗಿ ಕೆಲಸ ಮಾಡುತ್ತೀರಿ, ಸೊಂಟ ನೋಯುವುದಿಲ್ಲವೇ? ನೋವಾದರೆ ಏನು ಮಾಡುತ್ತೀರಿ?" ಎಂದು ಕೇಳಿದೆ. ಅಜ್ಜ ಒಳಜೇಬಿಗೆ ಕೈಹಾಕಿ, ಎಲೆಯಡಿಕೆ ಚೀಲದ ಜೊತೆಗೆ ಮಡಚಿಟ್ಟಿದ್ದ ಒಂದು ಹಾಳೆಯ ತುಂಡು ತೆಗೆದರು. ಅದರೊಳಗೆ ಕತ್ತರಿಸಿದ ಸ್ಟ್ರಿಪ್, ಉಳಿದದ್ದು ಮೂರು ಮಾತ್ರೆ. ಹೆಸರಿನ ಅರ್ಧ ಭಾಗ ಕತ್ತರಿಯಲ್ಲಿ ಹೋಗಿತ್ತು, ಉಳಿದ ಅಕ್ಷರಗಳಿಂದ ಡೈಕ್ಲೊಫೆನಾಕ್ ಎಂದು ತಿಳಿಯಿತು. ದಿನಕ್ಕೆರಡು, ತಿಂಗಳುಗಟ್ಟಲೆ. ಇಂಥ ನೋವಿನ ಮಾತ್ರೆ ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಎಡಬದಿಗೆ ಬಿಪಿ ಔಷಧಿ ಹೆಚ್ಚಿಸುವುದು ಬೇಡ, ಮೊದಲು ಇದನ್ನು ನಿಲ್ಲಿಸೋಣ, ಮೂತ್ರಪಿಂಡದ ಪರೀಕ್ಷೆ ಮಾಡಿಸೋಣ ಎಂದು ಬರೆದೆ. ವೈದ್ಯರು ಬಲಬದಿಗೆ ಅದನ್ನೇ ಬರೆದು, ನೋವಿಗೆ ಪ್ಯಾರಾಸಿಟಮಾಲ್ ಸೇರಿಸಿದರು. ಅಜ್ಜನಿಗೆ ಹೊಸ ಔಷಧಿ ಬರೆಯುವ ಬದಲು ಒಂದು ಔಷಧಿ ತೆಗೆದುಹಾಕಿದ್ದು ಅಂದಿನ ಚಿಕಿತ್ಸೆ. ನಾಲ್ಕು ವಾರಕ್ಕೆ ಅವರು ಮತ್ತೆ ಬಂದಾಗ ಮೇಲಿನ ಅಂಕಿ ನೂರಾ ನಲವತ್ತಕ್ಕಿಂತ ಕೆಳಗಿತ್ತು.

ಕೊಡದೇ ಇರುವುದನ್ನು ಕಲಿಸಲು ಒಂದು ವಾರ ನಾಟಕವನ್ನೇ ಆಡಿಸಿದರು. ಒಬ್ಬಳು ತಾಯಿ, ಒಬ್ಬಳು ಅಧಿಕಾರಿ. ತಾಯಿಯ ಪಾತ್ರದವಳು ಹಟ ಹಿಡಿಯಬೇಕು: "ಮಗುವಿಗೆ ನೆಗಡಿ, ಗಟ್ಟಿ ಔಷಧಿ ಕೊಡಿ, ಇಲ್ಲದಿದ್ದರೆ ಒಂದು ಇಂಜೆಕ್ಷನ್ ಮಾಡಿ." ಬೇಡ ಎನ್ನುವುದು ಸುಲಭ. ಬೇಡ ಎಂದ ಮೇಲೂ ಆ ತಾಯಿ ನಿಮ್ಮ ಹತ್ತಿರವೇ ಮತ್ತೆ ಬರಬೇಕು, ವೈದ್ಯಕೀಯ ಓದದೆ ಇಂಜೆಕ್ಷನ್ ಮಾಡುವ, ಊರಲ್ಲಿ ಆರ್‌ಎಂಪಿ ಎನ್ನುವವರ ಹತ್ತಿರ ಹೋಗಬಾರದು, ಅದು ಕಷ್ಟ. ನಮಗೆ ಕಲಿಸಿದ್ದು ಇಷ್ಟು. ಮೊದಲು ಪೂರ್ತಿ ಪರೀಕ್ಷೆ ಮಾಡಿ, ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳಿ. "ಉಸಿರು ಎಣಿಸಿದೆ, ಮೂವತ್ತೆರಡು ಇದೆ, ಎದೆ ಸೆಳೆಯುತ್ತಿಲ್ಲ, ಹಾಲು ಕುಡಿಯುತ್ತಿದೆ." ಆಮೇಲೆ ಏನು ಕಂಡರೆ ರಾತ್ರಿಯಾದರೂ ಬರಬೇಕು ಎಂದು ಹೇಳಿ. ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ. ಆಮೇಲೆ ಆ್ಯಂಟಿಬಯೋಟಿಕ್ ಸ್ಟ್ರಿಪ್ಪಿನ ಹಿಂದಿನ ಕೆಂಪು ಗೆರೆ ತೋರಿಸಿ. ವೈದ್ಯರ ಸಲಹೆ ಇಲ್ಲದೆ ಈ ಗೆರೆಯ ಔಷಧಿ ತೆಗೆದುಕೊಳ್ಳಬೇಡಿ ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಪ್ರಚಾರ ಮಾಡಿತ್ತು, ಆದರೆ ಹಳ್ಳಿಯಲ್ಲಿ ಆ ಗೆರೆಯನ್ನು ಯಾರೂ ಬೆರಳಿಟ್ಟು ತೋರಿಸಿರಲಿಲ್ಲ. ನನ್ನ ಅನುಭವದಲ್ಲಿ, ಸರಿಯಾಗಿ ಮುಟ್ಟಿ ನೋಡಿದ ಮೇಲೆ ಬರಿಗೈಲಿ ಕಳಿಸಿದರೂ ಜನ ಸಿಟ್ಟಾಗುವುದಿಲ್ಲ.

ಕಾನೂನಿನ ಪಾಠಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರಿಗೂ ಭಯ ಇರುವುದು ಅಲ್ಲೇ. ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್ ಪಟ್ಟಿಯ ಔಷಧಿಗಳನ್ನು ಅಂಗಡಿಯಲ್ಲಿ ಮಾರಲು ನೋಂದಾಯಿತ ವೈದ್ಯರ ಚೀಟಿ ಬೇಕು. ನಮ್ಮ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಅದು ನಡೆಯುವುದಿಲ್ಲ, ನಡೆಯಲೂಬಾರದು. ಸರ್ಕಾರಿ ಆರೋಗ್ಯ ಕಾರ್ಯಕ್ರಮದಡಿ ಉಪಕೇಂದ್ರದ ಸಿಬ್ಬಂದಿ ವಿತರಿಸುವ ಔಷಧಿಗಳಿಗೆ ಅದೇ ನಿಯಮಗಳ ಶೆಡ್ಯೂಲ್ ಕೆ ವಿನಾಯಿತಿ ಕೊಡುತ್ತದೆ. ನಾವು ನಿಂತಿರುವ ನೆಲ ಅದು. ಅದರ ಮೇಲೆ ಮಾರ್ಗಸೂಚಿಗಳು, ಅವುಗಳ ಮೇಲೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಬರೆದುಕೊಡುವ ಸ್ಥಾಯಿ ಸೂಚನೆ, ಅಂದರೆ ಯಾವ ಔಷಧಿಯನ್ನು ಯಾವಾಗ ನಾವು ಕೊಡಬಹುದು ಎಂಬ ಲಿಖಿತ ಆದೇಶ. ಬಿಪಿ, ಶುಗರ್ ರೋಗವನ್ನು ಖಚಿತಪಡಿಸಿ ಚಿಕಿತ್ಸೆ ಆರಂಭಿಸುವುದು ವೈದ್ಯಾಧಿಕಾರಿ. ತಿಂಗಳು ತಿಂಗಳು ನೋಡಿ ಮುಂದುವರಿಸುವುದು ನಾವು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿಯ ಮಾತನ್ನು ಸೇರಿಸಿತು. ಪ್ರಾಥಮಿಕ ಮತ್ತು ರೋಗ ತಡೆಗಟ್ಟುವ ಸೇವೆಯಲ್ಲಿ ನಿಗದಿತ ಔಷಧಿಗಳನ್ನು ಸ್ವತಂತ್ರವಾಗಿ, ಉಳಿದೆಡೆ ವೈದ್ಯರ ಮೇಲ್ವಿಚಾರಣೆಯಲ್ಲಿ ಎಂದು. ಅದನ್ನು ವಿರೋಧಿಸಿ ಭಾರತೀಯ ವೈದ್ಯಕೀಯ ಸಂಘ ಆ ವರ್ಷ ಜುಲೈ 31ರಂದು ದೇಶವ್ಯಾಪಿ ಮುಷ್ಕರ ಕರೆದಿತ್ತು.

ವೈದ್ಯರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಗೆರೆ ಮಸುಕಾಗಿದ್ದರೆ ಅಪಾಯ ಇರುವುದು ನಿಜ. ಆದರೆ ಹಳ್ಳಿಯಲ್ಲಿ ಔಷಧಿ ಬರೆಯುವವರೇ ಇಲ್ಲದಂತೆ ಮಾತನಾಡುವುದು ಸರಿಯಲ್ಲ. ಏನೂ ಓದದವರು ಸ್ಟೀರಾಯ್ಡ್ ಇಂಜೆಕ್ಷನ್ ಮಾಡುತ್ತಿದ್ದಾರೆ, ಅಂಗಡಿಯಲ್ಲಿ ಕತ್ತರಿಸಿದ ಸ್ಟ್ರಿಪ್ ಸಿಗುತ್ತದೆ. ಮೂರು ನಾಲ್ಕು ವರ್ಷ ನರ್ಸಿಂಗ್ ಓದಿ, ಅದರ ಮೇಲೆ ಈ ತರಬೇತಿ ಪಡೆದು, ಪ್ರತಿ ಮಾತ್ರೆಗೂ ರಿಜಿಸ್ಟರಿನಲ್ಲಿ ಲೆಕ್ಕ ಕೊಡುವವರು ಅಲ್ಲಿರುವುದು ವೈದ್ಯರಿಗೂ ಬಲವೇ. ಬೇಕಾದದ್ದು ಯಾರು ಆರಂಭಿಸಬೇಕು, ಯಾರು ಮುಂದುವರಿಸಬೇಕು, ಯಾವಾಗ ನಿಲ್ಲಿಸಿ ಕಳಿಸಬೇಕು ಎಂಬುದನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿಡುವುದು.

ಬ್ರಿಟನ್ನಿನಲ್ಲಿ ಈ ಚರ್ಚೆ ಯಾವತ್ತೋ ಮುಗಿದಿದೆ. ನನ್ನ ಜಿಎನ್‌ಎಂ ಸಹಪಾಠಿಯೊಬ್ಬಳು ಈಗ ಅಲ್ಲಿ ಸಮುದಾಯ ನರ್ಸ್. ಅಲ್ಲಿ ಮನೆಮನೆಗೆ ಹೋಗುವ ನರ್ಸ್‌ಗಳಿಗೆ ಔಷಧಿ ಬರೆಯಲು ಅವಕಾಶ ಕೊಡುವ ಕಾಯ್ದೆ 1992ರಲ್ಲೇ ಬಂತು; 2006ರಿಂದ ಅರ್ಹತೆ ಪಡೆದ ನರ್ಸ್‌ಗಳು ತಮ್ಮ ಪರಿಣತಿಯ ಮಿತಿಯೊಳಗೆ ಬಹುತೇಕ ಎಲ್ಲ ಔಷಧಿಗಳನ್ನೂ ಬರೆಯಬಹುದು. ಅವಳು ಆ ಕೋರ್ಸ್ ಮಾಡುವಾಗ ಫೋನಿನಲ್ಲಿ ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಔಷಧಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾಗಲು ನೂರಕ್ಕೆ 80 ಬೇಕು, ಪ್ರಮಾಣದ ಲೆಕ್ಕದಲ್ಲಿ ನೂರಕ್ಕೆ ನೂರೇ ಬೇಕು. ನಮ್ಮಲ್ಲೂ ಆ ಎರಡನೆಯ ನಿಯಮ ಬರಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ಸಿರಪ್ ಲೆಕ್ಕದಲ್ಲಿ ಅರ್ಧ ಅಂಕ ಕಳೆದುಕೊಂಡವರನ್ನು ಪಾಸು ಮಾಡುವುದರಲ್ಲಿ ಅರ್ಥವಿಲ್ಲ.

ನಮ್ಮ ಕೊನೆಯ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬರವಣಿಗೆ, ಪ್ರಾಯೋಗಿಕ, ಮೌಖಿಕ, ವೈದ್ಯರ ಸಹಿ ಇರುವ ಲಾಗ್‌ಬುಕ್. ಲಾಗ್‌ಬುಕ್ಕನ್ನು ಕೊನೆಯ ವಾರ ಕೂತು ತುಂಬಿಸುವವರಿಗೆ ಕೋರ್ಸಿನಿಂದ ಏನೂ ದಕ್ಕುವುದಿಲ್ಲ.

ಉಪಕೇಂದ್ರಕ್ಕೆ ಬಂದ ಮೇಲೆ ನಾನೇ ತೀರ್ಮಾನಿಸಿ ಬರೆದ ಮೊದಲ ಚೀಟಿ ಒಬ್ಬ ಗರ್ಭಿಣಿಯದು. ಐದನೆಯ ತಿಂಗಳು, ಹಿಮೋಗ್ಲೋಬಿನ್ 9.2. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ನಮ್ಮ ಕೈಯದಲ್ಲ, ದೊಡ್ಡ ಆಸ್ಪತ್ರೆ. ಇವಳದ್ದು ನಡುವಿನದು. ಎಲ್ಲ ಗರ್ಭಿಣಿಯರಿಗೂ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುವಂಥದ್ದು; ರಕ್ತಹೀನತೆ ಇದ್ದರೆ ದಿನಕ್ಕೆರಡು. ಚೀಟಿಯಲ್ಲಿ ಅಷ್ಟು ಬರೆಯಲು ಅರ್ಧ ನಿಮಿಷ ಸಾಕು. ಉಳಿದದ್ದಕ್ಕೆ ಹೊತ್ತು ಹಿಡಿಯಿತು. ಮೊದಲು ಕೊಟ್ಟಿದ್ದ ಮಾತ್ರೆ ನುಂಗುತ್ತಿದ್ದೀಯಾ ಎಂದು ಕೇಳಿದೆ. ಅವಳು ನೆಲ ನೋಡಿದಳು, ಅತ್ತೆ ಉತ್ತರಿಸಿದರು: "ಕಪ್ಪಗೆ ಹೊರಗೆ ಹೋಗುತ್ತದೆ, ಹೊಟ್ಟೆ ತೊಳೆಸುತ್ತದೆ, ಕೂಸು ಕಪ್ಪಾಗುತ್ತದೆ ಎಂದು ನಾನೇ ಬೇಡವೆಂದೆ." ಹಾಗಾಗಿ ನನ್ನ ಮಾತೆಲ್ಲ ಅತ್ತೆಯೊಂದಿಗೇ ನಡೆಯಿತು. ಮಲ ಕಪ್ಪಾಗುವುದು ಸಹಜ, ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧ ಇಲ್ಲ, ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ಮೇಲೆ ನುಂಗಲಿ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಯೂ ಬೇಡ, ಎರಡು ಗಂಟೆಯ ಅಂತರ ಇರಲಿ. ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ಒಂದು ಗ್ರಾಂ ಕೂಡ ಏರದಿದ್ದರೆ ವೈದ್ಯರ ಹತ್ತಿರ ಕಳಿಸುತ್ತೇನೆ ಎಂದೆ. ಚೀಟಿಯ ಕೆಳಗೆ ಸಹಿ ಹಾಕಿ, ರಿಜಿಸ್ಟರಿನಲ್ಲಿ ಕಾರಣ ಬರೆದೆ. ತಿಂಗಳ ಮೇಲೆ ಅತ್ತೆಯೇ ಕರೆದುಕೊಂಡು ಬಂದರು. 10.4 ಆಗಿತ್ತು.

ತರಬೇತಿ ಕಲಿಸದ ಸಂಗತಿಯೂ ಒಂದಿದೆ, ಮಾತ್ರೆ ಇಲ್ಲದ ತಿಂಗಳು. ಮಾರ್ಗಸೂಚಿಯ ಪಟ್ಟಿಯಲ್ಲಿ ಉಪಕೇಂದ್ರಕ್ಕೆ ನೂರಕ್ಕೂ ಹೆಚ್ಚು ಔಷಧಿಗಳಿವೆ. ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಕಳಿಸಿ ಕಾದಾಗ ಒಮ್ಮೊಮ್ಮೆ ಆಮ್ಲೊಡಿಪಿನ್ನೇ ಬರುವುದಿಲ್ಲ. ತಿಂಗಳುಗಟ್ಟಲೆ ಕಷ್ಟಪಟ್ಟು ರೂಢಿಸಿದ ಅಭ್ಯಾಸ ಒಂದೇ ವಾರದಲ್ಲಿ ಮುರಿಯುತ್ತದೆ, ರೋಗಿಗೆ ನಮ್ಮ ಮೇಲಿನ ನಂಬಿಕೆಯೂ ಮುರಿಯುತ್ತದೆ. ಈಗ ನಾನು ಆರು ವಾರದ ದಾಸ್ತಾನು ಉಳಿದಾಗಲೇ ಇಂಡೆಂಟ್ ಹಾಕುತ್ತೇನೆ, ಖಾಲಿಯಾಗುವುದನ್ನು ಕಾಯುವುದಿಲ್ಲ. ಅಕ್ಕಪಕ್ಕದ ಉಪಕೇಂದ್ರದವರೊಂದಿಗೆ ಲಿಖಿತವಾಗಿ ಕೊಟ್ಟು ತೆಗೆದುಕೊಳ್ಳುತ್ತೇವೆ. ಸಂದೇಹ ಬಂದಾಗ ವೈದ್ಯಾಧಿಕಾರಿಗೆ ಫೋನು, ಅವರು ಶಸ್ತ್ರಚಿಕಿತ್ಸೆಯಲ್ಲೋ ಸಭೆಯಲ್ಲೋ ಇದ್ದರೆ ಸರ್ಕಾರದ ಆನ್‌ಲೈನ್ ವೈದ್ಯ ಸಮಾಲೋಚನೆ ಇ-ಸಂಜೀವಿನಿ. ಅಲ್ಲಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವೈದ್ಯರೊಂದಿಗೆ ಮಾತನಾಡಬಹುದು, ಅವರ ಚೀಟಿ ಅಲ್ಲೇ ಬರುತ್ತದೆ. ನೆಟ್‌ವರ್ಕ್ ಇದ್ದ ದಿನ ಅದರಷ್ಟು ಉಪಕಾರ ಬೇರೆ ಯಾವುದೂ ಇಲ್ಲ.

ಔಷಧಿಯಿಂದ ತೊಂದರೆಯಾದರೆ ಅದನ್ನು ವರದಿ ಮಾಡುವ ಹಕ್ಕು ನರ್ಸ್‌ಗಳಿಗೂ ಇದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಘಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗ ನಡೆಸುವ, ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ನಮೂನೆ ಅದಕ್ಕೆ ಇದೆ. ಔಷಧಿ ಕೊಡುವ ಅಧಿಕಾರ ಪಡೆದವರು ಆ ನಮೂನೆಯನ್ನೂ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳಲೇಬೇಕು.

ಈ ವರ್ಷ ತರಬೇತಿ ಮುಗಿಸಿ ಹೊಸ ಉಪಕೇಂದ್ರಕ್ಕೆ ಹೋಗುವವರು ಮೊದಲ ವಾರವೇ ಮಾಡಬೇಕಾದ ಕೆಲಸಗಳನ್ನು ಹೇಳಿಬಿಡುತ್ತೇನೆ. ವೈದ್ಯಾಧಿಕಾರಿಯ ಹತ್ತಿರ ಹೋಗಿ ಸ್ಥಾಯಿ ಸೂಚನೆಯನ್ನು ಬರಹದಲ್ಲಿ, ಸಹಿ ಮತ್ತು ದಿನಾಂಕದ ಸಮೇತ ಕೇಳಿ ಪಡೆಯಿರಿ. "ನಾನಿದ್ದೀನಮ್ಮ, ಫೋನ್ ಮಾಡು" ಎಂಬ ಮಾತು ಒಳ್ಳೆಯದೇ, ಆದರೆ ಅವರಿಗೆ ವರ್ಗವಾದ ಮರುದಿನ ಅದು ನಿಮ್ಮ ಜೊತೆ ಇರುವುದಿಲ್ಲ. ಕಪಾಟಿನಲ್ಲಿರುವ ಪ್ರತಿ ಔಷಧಿಯ ಅವಧಿ ದಿನಾಂಕ ನೋಡಿ ಪಟ್ಟಿ ಮಾಡಿ. ಸಿರಪ್ಪಿನ ಎರಡು ಬಗೆಯ ಬಾಟಲಿಗಳಿದ್ದರೆ ಬೇರೆ ಬೇರೆ ಅಟ್ಟಣಿಗೆಯಲ್ಲಿಡಿ. ಊರಿನ ಆಶಾ ಕಾರ್ಯಕರ್ತೆಯರೊಂದಿಗೆ ಕೂತು ಯಾರ ಮನೆಯಲ್ಲಿ ಬಿಪಿ, ಶುಗರ್ ಗುಳಿಗೆ ನಿಂತಿದೆ ಎಂದು ಕೇಳಿ ಬರೆದುಕೊಳ್ಳಿ, ಅವರಿಗೆ ತಿಳಿಯದ ಮನೆ ಇರುವುದಿಲ್ಲ. ನಿಮ್ಮ ರಿಜಿಸ್ಟರಿನಲ್ಲಿ ಔಷಧಿಯ ಹೆಸರಿನ ಪಕ್ಕದಲ್ಲಿ ಕಾರಣ ಬರೆಯುವ ಕಲಂ ಇರದಿದ್ದರೆ ಸ್ಕೇಲು ಹಿಡಿದು ನೀವೇ ಒಂದು ಗೆರೆ ಎಳೆಯಿರಿ.